ಎಂಟು ಚೌಕ, ಐದು ಸ್ವರ: ಸಂಗೀತ, ಚಿತ್ರಕಲೆ ತರಗತಿಯಲ್ಲಿ ನನ್ನ ಅನುಭವ

‘ಇಷ್ಟ ಬಂದ ಚಿತ್ರ ಬರೆಯಿರಿ’ ಎಂದರೆ ಮಕ್ಕಳ ಹಾಳೆಯಲ್ಲಿ ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೊಂದು ಮನೆ ಬರುತ್ತದೆ. ‘ಏನಾದರೂ ಹಾಡು ಕಟ್ಟಿ’ ಎಂದರೆ ಈಚೆಗೆ ಕೇಳಿದ ಸಿನಿಮಾ ಹಾಡಿನದೇ ಧಾಟಿ. ಆಯ್ಕೆ ವಿಪರೀತವಾದಾಗ ಕೈ ಪಳಗಿದ ದಾರಿಯನ್ನೇ ಹಿಡಿಯುತ್ತದೆ. ಅದಕ್ಕೇ ನಾನು ಮೊದಲು ಬೇಲಿ ಹಾಕುತ್ತೇನೆ. ಬೇಲಿ ಚಿಕ್ಕದಾದಷ್ಟೂ ಮಕ್ಕಳು ಅದರೊಳಗೆ ಹೆಚ್ಚು ತಡಕಾಡುತ್ತಾರೆ.

ಸಂಗೀತದಲ್ಲಿ ನನ್ನ ಬೇಲಿ ಮೋಹನ ರಾಗದ ಐದು ಸ್ವರ: ಸ ರಿ ಗ ಪ ದ. ಮ, ನಿ ಎರಡನ್ನೂ ಬಿಟ್ಟರೆ ಅರ್ಧಸ್ವರದ ಅಂತರ, ಅಂದರೆ ತೀರಾ ಹತ್ತಿರದ ಎರಡು ಸ್ವರಗಳ ನಡುವಿನ ಅಂತರ, ಎಲ್ಲೂ ಉಳಿಯುವುದಿಲ್ಲ. ಇಬ್ಬರು ಒಟ್ಟಿಗೆ ಬೇರೆ ಬೇರೆ ಸ್ವರ ನುಡಿಸಿದರೂ ಕಿವಿಗೆ ಚುಚ್ಚುವುದಿಲ್ಲ. ಜರ್ಮನ್ ಸಂಗೀತ ರಚನೆಕಾರ ಕಾರ್ಲ್ ಆರ್ಫ್ ಅವರ, ಮಕ್ಕಳಿಗೆ ಸಂಗೀತ ಕಲಿಸುವ ಪದ್ಧತಿಯ ತರಗತಿಗಳಲ್ಲಿ ಝೈಲೋಫೋನಿನಿಂದ (ಕೋಲಿನಿಂದ ತಟ್ಟಿ ನುಡಿಸುವ ಮರದ ಪಟ್ಟಿಗಳ ವಾದ್ಯ) ಆ ಎರಡು ಸ್ವರಗಳ ಪಟ್ಟಿಗಳನ್ನೇ ಕಳಚಿಡುತ್ತಾರೆ. ಕೀಬೋರ್ಡ್ ಇದ್ದರೆ ಇನ್ನೂ ಸುಲಭ. ಬರೀ ಕರಿ ಮನೆಗಳನ್ನು ನುಡಿಸಿ, ಮೂರು ಕರಿ ಮನೆಗಳ ಗುಂಪಿನಲ್ಲಿ ಮೊದಲನೆಯದನ್ನು ಸ ಎಂದಿಟ್ಟುಕೊಂಡರೆ ಇದೇ ಐದು ಸ್ವರ ಸಿಗುತ್ತವೆ.

ವಾದ್ಯವೇ ಇಲ್ಲದಿದ್ದರೆ ಒಂದೇ ಅಳತೆಯ ಐದು ಗಾಜಿನ ಬಾಟಲಿ, ತಟ್ಟಲು ಪೆನ್ಸಿಲ್. ತಟ್ಟುವಾಗ ನೀರು ಹೆಚ್ಚಿದಂತೆ ಶ್ರುತಿ ಇಳಿಯುತ್ತದೆ. ಗಾಜಿನ ಜೊತೆ ನೀರಿನ ಭಾರವೂ ಸೇರಿ ಕಂಪನ ನಿಧಾನವಾಗುವುದೇ ಕಾರಣ. ಬಾಟಲಿಯ ಬಾಯಿಗೆ ಊದಿದರೆ ತಿರುಗುಮುರುಗು: ನೀರು ಹೆಚ್ಚಿದಂತೆ ಒಳಗಿನ ಗಾಳಿಯ ಜಾಗ ಕಿರಿದಾಗಿ ಶ್ರುತಿ ಏರುತ್ತದೆ. ನೀರಿನ ಮಟ್ಟಕ್ಕೆ ಟೇಪ್ ಅಂಟಿಸಿ ಗುರುತು ಮಾಡಿಡಿ. ನೀರು ಆವಿಯಾದಂತೆ ಶ್ರುತಿ ಜಾರುತ್ತದೆ.

40 ನಿಮಿಷದ ಪಿರಿಯಡ್‌ನಲ್ಲಿ ಮೊದಲ ಐದು ನಿಮಿಷ ಚಪ್ಪಾಳೆ. ನಾನು ನಾಲ್ಕು ಎಣಿಕೆ ತಟ್ಟುತ್ತೇನೆ, ಮಕ್ಕಳು ಅದನ್ನೇ ಮರಳಿ ತಟ್ಟುತ್ತಾರೆ. ಆಮೇಲೆ ನನ್ನದನ್ನೇ ತಟ್ಟದೆ ಅಷ್ಟೇ ಉದ್ದದ ಬೇರೆ ಉತ್ತರ ಕೊಡಬೇಕು. ಇಲ್ಲಿ ಬಹಳ ಮಕ್ಕಳು ತಡವರಿಸುತ್ತಾರೆ. ‘ಮೊದಲೆರಡು ಎಣಿಕೆ ನನ್ನದೇ ಇರಲಿ, ಕೊನೆಯ ಎರಡನ್ನು ಮಾತ್ರ ಬದಲಿಸು’ ಎಂದರೆ ಬಾಗಿಲು ತೆರೆಯುತ್ತದೆ.

ನಂತರ ನಾಲ್ಕೈದು ಮಕ್ಕಳ ಗುಂಪಿಗೊಂದು ಹಾಳೆ, ಅದರಲ್ಲಿ ಸಾಲಾಗಿ ಎಂಟು ಚೌಕ. ಚೌಕಕ್ಕೊಂದು ಸ್ವರ ಬರೆಯಬೇಕು, ಕೊನೆಯದು ಸ ಆಗಬೇಕು, ಕನಿಷ್ಠ ಎರಡು ಚೌಕ ಖಾಲಿ ಬಿಡಬೇಕು. ಈ ಖಾಲಿ ಚೌಕದ ನಿಯಮವನ್ನು ನಾನು ಎಂದೂ ಸಡಿಲಿಸುವುದಿಲ್ಲ. ಅದಿಲ್ಲದಿದ್ದರೆ ಎಂಟೂ ತುಂಬಿ, ಉಸಿರಿಗೆ ಜಾಗವಿಲ್ಲದ ಸ್ವರಗಳ ಸಾಲಾಗುತ್ತದೆ. ‘ಸ ರಿ ಗ ಪ ದ ಪ ಗ ಸ’ ಎಂದು ಬರೆದ ಗುಂಪು ರಿ ಮತ್ತು ಎರಡನೆಯ ಪ ಅಳಿಸಿ ‘ಸ – ಗ ಪ ದ – ಗ ಸ’ ಎಂದು ನುಡಿಸಿದ ಕೂಡಲೇ ಅದಕ್ಕೊಂದು ನಡಿಗೆ ಬರುತ್ತದೆ. ಮೌನವೂ ಎಣಿಕೆಯ ಭಾಗ ಎಂಬುದು ಆಗ ವಿವರಿಸದೆಯೇ ತಿಳಿಯುತ್ತದೆ.

ಕಟ್ಟಿದ್ದನ್ನು ಮೂರು ಸಲ ಒಂದೇ ರೀತಿ ನುಡಿಸಬೇಕು. ಆಗದಿದ್ದರೆ ಅದಿನ್ನೂ ರಚನೆಯಾಗಿಲ್ಲ. ಕೊನೆಗೆ ಒಂದೇ ಒಂದು ಚೌಕ ಬದಲಿಸಿ, ಯಾಕೆ ಬದಲಿಸಿದಿರಿ ಎಂದು ಹೇಳಬೇಕು. ಎಲ್ಲ ಗುಂಪುಗಳೂ ಒಟ್ಟಿಗೆ ತಟ್ಟಿದರೆ ಯಾರಿಗೂ ತಮ್ಮದು ಕೇಳಿಸುವುದಿಲ್ಲ. ಹಾಗಾಗಿ ಒಂದು ಗುಂಪು ನುಡಿಸುವಾಗ ಉಳಿದವರು ಬಾಯಲ್ಲೇ ಮೆಲ್ಲಗೆ ಹಾಡಿಕೊಂಡು ಕಟ್ಟುತ್ತಾರೆ.

ಚಿತ್ರಕಲೆಗೆ ದಪ್ಪ ಕಾಗದದಲ್ಲಿ 4 ಸೆಂ.ಮೀ. ಅಗಲ, 6 ಸೆಂ.ಮೀ. ಉದ್ದದ ಕಿಟಕಿ ಕತ್ತರಿಸಿ ಕೊಡುತ್ತೇನೆ. ಒಂದು ಕಣ್ಣು ಮುಚ್ಚಿ, ಕಿಟಕಿಯಲ್ಲಿ ಕಂಡಷ್ಟನ್ನೇ ಬರೆಯಬೇಕು. ಅರ್ಧ ಬಾಗಿಲು, ಬೆಂಚಿನ ಕಾಲು, ಯಾರದೋ ಚೀಲದ ಪಟ್ಟಿ ಬರುತ್ತವೆ. ಬೆಟ್ಟ, ಸೂರ್ಯ ತಾವಾಗಿಯೇ ಮಾಯ. ರಬ್ಬರ್ ನನ್ನ ಮೇಜಿನ ಮೇಲಿರುತ್ತದೆ, ಇಲ್ಲದಿದ್ದರೆ ಒಂದೇ ಗೆರೆ ಉಜ್ಜುವುದರಲ್ಲಿ ಪಿರಿಯಡ್ ಮುಗಿಯುತ್ತದೆ. ಬಣ್ಣ ಹಳದಿ, ನೀಲಿ, ಬಿಳಿ ಮಾತ್ರ. ಹಳದಿ, ನೀಲಿಗೆ ಕೆಂಪೂ ಸೇರಿದರೆ ಮೂರೂ ಕೂಡಿ ಬೆಳಕಿನ ಬಹುಪಾಲನ್ನು ಹೀರಿ ಕೆಸರು ಬಣ್ಣವಾಗುತ್ತದೆ. ನೀಲಿ ಬಲವಾದ ಬಣ್ಣ, ಹಳದಿಗೆ ಅದನ್ನು ಕುಂಚದ ತುದಿಯಷ್ಟೇ ಬೆರೆಸುತ್ತಾ ಹೋದರೆ ಹತ್ತಾರು ಹಸಿರು ಸಿಗುತ್ತವೆ.

ಶಿಕ್ಷಕರಿಂದ ಆಗುವ ದೊಡ್ಡ ತಪ್ಪು, ಮಗುವಿನ ಹಾಳೆಯ ಮೇಲೆ ತಾವೇ ಗೆರೆ ಎಳೆದು ತಿದ್ದುವುದು. ಅಲ್ಲಿಂದ ಮುಂದೆ ಮಗು ನಮ್ಮ ಗೆರೆಗೇ ಕಾಯುತ್ತದೆ. ತೋರಿಸಲೇಬೇಕಾದರೆ ಬೇರೆ ಹಾಳೆಯಲ್ಲಿ ತೋರಿಸಿ, ಅದನ್ನು ತೆಗೆದುಬಿಡಿ. ಅಂಕ ಕೊಡಬೇಕಿದ್ದರೆ ಮೊದಲ ಕರಡನ್ನೂ ಕೊನೆಯದನ್ನೂ ಒಟ್ಟಿಗೆ ಪಿನ್ ಮಾಡಿಸಿ; ನಾನು ಅಂಕ ಹಾಕುವುದು ಎರಡರ ನಡುವಿನ ಬದಲಾವಣೆಗೆ.