ಮ್ಯಾಕ್ ಮಿನಿಗೆ 256 ಜಿಬಿ ಸಾಕು, ಉಳಿದದ್ದು ಹೊರಗಿರಲಿ

ಮದುವೆ ವಿಡಿಯೋ ಎಡಿಟ್ ಮಾಡುವವರಿಗೆ 256 ಜಿಬಿ ಸ್ಟೋರೇಜ್ ಯಾವ ಮೂಲೆಗೂ ಸಾಲಲ್ಲ ಅಂತ ಸ್ಟುಡಿಯೋ ಗೆಳೆಯರೆಲ್ಲ ಹೇಳಿದ್ದರು. ಆಪಲ್‌ನ ಪುಟ್ಟ ಡೆಸ್ಕ್‌ಟಾಪ್, ಎಂ4 ಚಿಪ್ಪಿನ ಮ್ಯಾಕ್ ಮಿನಿ, 2024ರ ಕೊನೆಗೆ ಬಂದಾಗ ಇಲ್ಲಿ ಬೆಲೆ 59,900. 512 ಜಿಬಿ ಬೇಕೆಂದರೆ 79,900. ಇನ್ನೊಂದು 256 ಜಿಬಿಗೆ 20 ಸಾವಿರ! ನಾನು ಅದೇ 20 ಸಾವಿರವನ್ನು ರ‍್ಯಾಮಿಗೆ ಹಾಕಿ 16ರ ಬದಲು 24 ಜಿಬಿ ತೆಗೆದುಕೊಂಡೆ. ರ‍್ಯಾಮ್ ಆಮೇಲೆ ಸೇರಿಸೋಕೆ ಆಗಲ್ಲ, ಜಾಗ ಹೊರಗಿನಿಂದ ಎಷ್ಟು ಬೇಕಾದರೂ ಸೇರಿಸಬಹುದು. "ಇಷ್ಟು ದುಡ್ಡು ಕೊಟ್ಟು ಹಿಂದೆ ಡಬ್ಬಿ ನೇತು ಹಾಕ್ಕೊಂಡು ಕೂರ್ತೀಯಾ ಮಾರಾಯ" ಅಂತ ನಕ್ಕರು. ಈಗ ಅವರಲ್ಲೇ ಇಬ್ಬರು ಫೋನ್ ಮಾಡಿ ಎಸ್‌ಎಸ್‌ಡಿ ಹಾಕುವ ಆ ಡಬ್ಬಿ, ಅಂದರೆ ಕೇಸ್, ಯಾವುದು ತಗೊಂಡೆ ಅಂತ ಕೇಳಿದ್ದಾರೆ.

ಒಂದೇ ಸಲಕ್ಕೆ ಕೂಡಿ ಬರಲಿಲ್ಲ ಅನ್ನಿ. ಮೊದಲು ಹಾಕಿದ್ದು ಎಲ್ಲರ ಬ್ಯಾಗಿನಲ್ಲೂ ಇರುವಂಥ ಪೋರ್ಟಬಲ್ ಎಸ್‌ಎಸ್‌ಡಿ. ಸೆಕೆಂಡಿಗೆ ಸಾವಿರ ಎಂಬಿ ಹತ್ತಿರ ಬರುತ್ತದೆ, ಓದೋಕೆ ಏನೂ ತೊಂದರೆ ಇಲ್ಲ. ಆದರೆ ಮುಹೂರ್ತ, ರಿಸೆಪ್ಷನ್ ಕಾರ್ಡುಗಳನ್ನೆಲ್ಲ ಒಟ್ಟಿಗೆ ಕಾಪಿಗೆ ಹಾಕಿ, ಜೊತೆಗೆ ಎಡಿಟಿಂಗ್ ಸಾಫ್ಟ್‌ವೇರ್ ರಿಸಾಲ್ವ್‌ನ ರೆಂಡರ್ ಕ್ಯಾಶನ್ನೂ (ತಾತ್ಕಾಲಿಕ ಫೈಲುಗಳು) ಅದಕ್ಕೇ ಬರೆಯೋಕೆ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ವೇಗ 200-300ಕ್ಕೆ ಬಿದ್ದುಹೋಗುತ್ತಿತ್ತು. ಆಮೇಲೆ ಡಬ್ಬದ ಮೇಲೆ 20 ಜಿಬಿಪಿಎಸ್ ಅಂತ ಬರೆದಿದ್ದ ಇನ್ನೊಂದು ಡ್ರೈವ್. ಎಂ4 ಮಿನಿಯಲ್ಲಿ ಆ 20ರ ಮೋಡ್ ಇಲ್ಲ, 10ಕ್ಕೇ ಇಳಿಯುತ್ತದೆ. ದುಡ್ಡು ದಂಡ.

ಕೊನೆಗೆ ಕೈಹಿಡಿದದ್ದು ಯುಎಸ್‌ಬಿ4 ಕೇಸ್, ಒಳಗೆ ಎಎಸ್‌ಎಂ2464ಪಿಡಿ ಚಿಪ್ ಇರುವಂಥದ್ದು. ಕೇಸಿಗೆ ಎಂಟು ಸಾವಿರದ ಹತ್ತಿರ, ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಅದರೊಳಗೆ ಹಾಕುವ 1 ಟಿಬಿ ಜೆನ್4 ಎನ್‌ವಿಎಂಇ ಎಸ್‌ಎಸ್‌ಡಿಗೆ ಆರೂವರೆಯೋ ಏನೋ. ಅಂತೂ 15 ಸಾವಿರದೊಳಗೆ ಮುಗಿಯಿತು. ವೇಗ 3,000 ಎಂಬಿ ಆಸುಪಾಸು. ಬರೆಯುವುದರಲ್ಲಿ ಒಳಗಿನ 256ಕ್ಕಿಂತ ಇದೇ ಜೋರು, ನಂಬಿದರೆ ನಂಬಿ. ಮಿನಿಯ ಹಿಂಬದಿಯ ಥಂಡರ್‌ಬೋಲ್ಟ್ ಪೋರ್ಟಿಗೇ ಹಾಕಬೇಕು, ಮುಂಬದಿಯ ಎರಡು ಬರೀ 10 ಜಿಬಿಪಿಎಸ್‌ನವು. ಕೇಬಲ್ ಕೂಡ ಜೊತೆಗೆ ಬಂದದ್ದೇ ಇರಲಿ. ಫೋನ್ ಚಾರ್ಜರಿನ ಸಿ ಕೇಬಲ್ ಹಾಕಿದರೆ 40 ಎಂಬಿ ಬರುತ್ತದೆ, ನಗಬೇಡಿ, ನಮ್ಮ ಹುಡುಗ ಹಾಗೇ ಹಾಕಿ ಅರ್ಧ ದಿನ ಕಾಪಿ ಮಾಡಿದ್ದ.

ತಲೆನೋವು ಅಂದರೆ ಬಿಸಿ. ಫ್ಯಾನ್ ಇಲ್ಲದ ಕೇಸು ದೊಡ್ಡ ಎಕ್ಸ್‌ಪೋರ್ಟ್ ನಡುವೆ ದೋಸೆ ಹೆಂಚಿನಷ್ಟು ಕಾದು ಡ್ರೈವ್ ಮಾಯ, ಪರದೆಯ ಮೂಲೆಯಲ್ಲಿ ಡಿಸ್ಕ್ ಸರಿಯಾಗಿ ಎಜೆಕ್ಟ್ ಆಗಿಲ್ಲ ಅನ್ನುವ ಮೆಸೇಜು. ಫ್ಯಾನ್ ಇರುವ ಕೇಸು ತಂದೆ, ಅದು ಕುಂಯ್ಯೋ ಅಂತ ಒಂದೇ ಸಮನೆ ಕೂಗುತ್ತಿತ್ತು, ಆಡಿಯೋ ಕೆಲಸ ಮಾಡೋಕೇ ಆಗಲಿಲ್ಲ. ಮತ್ತೆ ಹಳೆಯದಕ್ಕೇ ಬಂದು ಬಿಸಿ ಹೊರಗೆಳೆಯುವ ಥರ್ಮಲ್ ಪ್ಯಾಡ್ ಬದಲಾಯಿಸಿದೆ. ಎಷ್ಟು ದಪ್ಪದ್ದು, ಎಲ್ಲೆಲ್ಲಿ ಅಂಟಿಸಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಈ ಸೀಸನ್ ಪೂರ್ತಿ ಡ್ರೈವ್ ಒಮ್ಮೆಯೂ ಕಡಿದುಕೊಂಡಿಲ್ಲ.

ಕರೆಂಟಿನ ವಿಷಯ ಹೇಳಲೇಬೇಕು. ಹೊರಗಿನ ಡ್ರೈವನ್ನು ಮ್ಯಾಕ್‌ನದೇ ಫಾರ್ಮ್ಯಾಟ್ ಆದ ಎಪಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿ. ವಿಂಡೋಸ್, ಮ್ಯಾಕ್ ಎರಡರಲ್ಲೂ ನಡೆಯುವ ಎಕ್ಸ್‌ಫ್ಯಾಟ್ ಇಟ್ಟುಕೊಂಡು ಬರೆಯುವಾಗ ಕರೆಂಟ್ ಹೋದರೆ ಫೋಲ್ಡರೇ ಹೋಗಬಹುದು. ಯುಪಿಎಸ್‌ಗೆ ಮೂರ್ನಾಲ್ಕು ಸಾವಿರ ಇಟ್ಟುಕೊಳ್ಳಿ, ಅದನ್ನೂ ಸೇರಿಸಿದರೂ 20 ಸಾವಿರ ದಾಟಲಿಲ್ಲ.

ಸುಮ್ನೆ ಒಂದು ಪ್ರಯೋಗ ಅಂತ ಮ್ಯಾಕ್‌ಓಎಸ್ಸನ್ನೇ ಹೊರಗಿನ ಡ್ರೈವಿಗೆ ಹಾಕಿ ನೋಡಿದೆ. ಹಿಂದಿನ ಮೂರರಲ್ಲಿ ನಡುವಿನ ಪೋರ್ಟ್ ಬಿಟ್ಟು ಉಳಿದವುಗಳಲ್ಲಿ ಇನ್‌ಸ್ಟಾಲ್ ಆಗುತ್ತದೆ. ಚೆನ್ನಾಗೇ ಓಡಿತು, ಆದರೂ ವಾಪಸ್ ಬಂದೆ. ಸಿಸ್ಟಮ್, ಆ್ಯಪ್ ಒಳಗೆ, ಫುಟೇಜ್, ಕ್ಯಾಶ್ ಹೊರಗೆ. ಒಳಗೆ ಇನ್ನೂ ನೂರು ಜಿಬಿ ಖಾಲಿ ಇದೆ.

ಲ್ಯಾಪ್‌ಟಾಪ್ ಆದರೆ ನನ್ನ ಮಾತು ಕೇಳಬೇಡಿ. ಛತ್ರದಲ್ಲಿ ತೊಡೆ ಮೇಲೆ ಇಟ್ಟುಕೊಂಡು ಎಡಿಟ್ ಮಾಡುವಾಗ ಕೇಬಲ್ ಅಲ್ಲಾಡಿದರೆ ಕಥೆ ಮುಗೀತು, ಅಲ್ಲಿ ಒಳಗಿನ ಜಾಗಕ್ಕೇ ದುಡ್ಡು ಕೊಡಿ. ಎಸ್‌ಎಸ್‌ಡಿ ಬೆಲೆ 2025ರ ಕೊನೆಯಿಂದ ಏರಿದೆ, ಹಾಗಾಗಿ ಕೊಳ್ಳುವ ದಿನ ಲೆಕ್ಕ ಹಾಕಿಯೇ ಹೋಗಿ. ಇನ್ನು ಮಿನಿಯ ಒಳಗಿನ ಸ್ಟೋರೇಜ್ ಬೋರ್ಡನ್ನೇ ಬಿಚ್ಚಿ ದೊಡ್ಡದು ಹಾಕುವವರಿದ್ದಾರೆ, ಅದಕ್ಕೆ ರಿಸ್ಟೋರ್ ಮಾಡೋಕೆ ಇನ್ನೊಂದು ಮ್ಯಾಕ್ ಬೇಕು. ನನ್ನದು ವಾರಂಟಿ ಮುಗಿಯಲಿ, ಆಮೇಲೆ ನೋಡೋಣ.