ಡ್ಯೂಟಿ ಮುಗಿಸಿ ಓದುವವರಿಗೆ ಆನ್‌ಲೈನ್ ಪಾಠ: ನನ್ನ ಅನುಭವ

ಕೆಲಸಕ್ಕೆ ಹೋಗುವವರನ್ನು ಆನ್‌ಲೈನ್ ಪಾಠದಲ್ಲೇ ಪಾಸ್ ಮಾಡಿಸೋದು ಆಗದ ಮಾತು ಅಂತ ನಮ್ಮ ಕಡೆಯ ಹಿರಿಯ ಕೌನ್ಸೆಲರ್‌ಗಳು (ದೂರಶಿಕ್ಷಣದವರಿಗೆ ಪಾಠ ಹೇಳುವವರು) ಹೇಳುತ್ತಿದ್ದರು. ಕಳೆದ ಡಿಸೆಂಬರ್ ಪರೀಕ್ಷೆಯಲ್ಲಿ ನನ್ನ ಇಗ್ನೋ (ದೂರಶಿಕ್ಷಣ ಕೊಡುವ ಮುಕ್ತ ವಿಶ್ವವಿದ್ಯಾಲಯ) ಬಿ.ಎ. ಗುಂಪಿನ ನಲವತ್ತು ಚಿಲ್ಲರೆ ಜನರಲ್ಲಿ ಮೂವತ್ತರ ಮೇಲೆ ಮಂದಿ ಅರ್ಥಶಾಸ್ತ್ರ ದಾಟಿದರು. ಈಗ ಅದೇ ಹಿರಿಯರು ಹೇಗೆ ಮಾಡಿದೆ ಅಂತ ಫೋನ್ ಮಾಡಿ ಕೇಳುತ್ತಿದ್ದಾರೆ.

ಮೊದಲು ದುಡ್ಡು ಸುರಿದದ್ದು ಝೂಮ್‌ಗೆ. ಪುಕ್ಕಟೆ ಖಾತೆ 40 ನಿಮಿಷಕ್ಕೆ ನಿಲ್ಲುತ್ತದೆ ಅಂತ ತಿಂಗಳಿಗೆ ಸಾವಿರದ ಮೇಲೆ ಕಟ್ಟಿದೆ. ಮೈಕು, ಲೈಟು, ಟ್ರೈಪಾಡ್ ಸೇರಿ ಇನ್ನೂ ಏಳೆಂಟು ಸಾವಿರ. ರಾತ್ರಿ ಎಂಟಕ್ಕೆ ಕ್ಲಾಸು. ಗಾರ್ಮೆಂಟ್ಸ್‌ನಿಂದ ಬಂದ ಹೆಣ್ಣುಮಕ್ಕಳು ಆಗ ಒಲೆ ಮುಂದೆ, ಬಸ್ ಕಂಡಕ್ಟರ್‌ಗೆ ನೈಟ್ ಔಟ್ ಡ್ಯೂಟಿ. ಸೇರುತ್ತಿದ್ದವರು ಐದಾರು ಜನ. ರೆಕಾರ್ಡಿಂಗ್ ಹಾಕಿದರೆ "ಆಮೇಲೆ ನೋಡ್ತೀನಿ ಸರ್" ಅನ್ನುವರು. ನೋಡಿದವರು ಇನ್ನೂ ಕಡಿಮೆ.

ಐನೂರು ರೂಪಾಯಿ ಠೇವಣಿ ಇಡಿಸಿ, ಅಸೈನ್‌ಮೆಂಟ್ ಮುಗಿಸಿದ ಮೇಲೆ ವಾಪಸ್ ಕೊಡುವುದನ್ನೂ ಮಾಡಿ ನೋಡಿದೆ. ಕಟ್ಟಿದವರು ನಿಂತರು. ಆದರೆ ನಿಜಕ್ಕೂ ಓದಬೇಕಾದ ಬಡವರೇ ಬಿಟ್ಟುಹೋದರು. ಅದನ್ನು ಕೈಬಿಟ್ಟೆ.

ಕೊನೆಗೆ ಹಿಡಿದ ದಾರಿ ವಾಟ್ಸಾಪ್ ಆಡಿಯೋ. ವಾರಕ್ಕೆ ಎರಡು, ಏಳೆಂಟು ನಿಮಿಷದ್ದು. ಬ್ಲಾಕ್‌ಗಳು (ಇಗ್ನೋ ಪಾಠದ ಪುಸ್ತಕಗಳು) ಇಂಗ್ಲಿಷಿನಲ್ಲಿವೆ, ನಾನು ವಿವರಿಸುವುದು ಕನ್ನಡದಲ್ಲಿ. ಬಸ್ಸಿನಲ್ಲೂ ಕೇಳಬಹುದು, ರೊಟ್ಟಿ ತಟ್ಟುತ್ತಲೂ ಕೇಳಬಹುದು. ಪ್ರತಿ ಆಡಿಯೋ ಕೊನೆಗೆ ಹಳೇ ಪೇಪರಿನ ಒಂದು ಪ್ರಶ್ನೆ. ಉತ್ತರವನ್ನು ಕೈಯಲ್ಲೇ ಬರೆದು ಫೋಟೋ ಕಳಿಸಬೇಕು. ಟೈಪ್ ಮಾಡಿದ್ದನ್ನು ನಾನು ನೋಡುವುದೇ ಇಲ್ಲ. ಹತ್ತು ವರ್ಷ ಪೆನ್ನು ಹಿಡಿಯದ ಕೈ ಪರೀಕ್ಷೆ ಹಾಲಿನಲ್ಲಿ ಅರ್ಧ ಗಂಟೆಗೇ ಸೋಲುತ್ತದೆ. ನಮ್ಮವರು ಹೆಚ್ಚಾಗಿ ಫೇಲ್ ಆಗುತ್ತಿದ್ದದ್ದು ಅಲ್ಲೇ.

ಮಧ್ಯೆ ಟೆಲಿಗ್ರಾಮ್ ಕ್ವಿಜ್ ಕೂಡ ನಡೆಸಿದೆ. ಎಲ್ಲರಿಗೂ ಖುಷಿ, ಅಂಕವೂ ಜಾಸ್ತಿ. ಅದೇ ವಿಷಯ ಐದು ಸಾಲು ಬರೆಯಿರಿ ಅಂದರೆ ಗುಂಪೇ ಮೌನ. ಬೆಳಗ್ಗೆ ಐದರ ಕ್ಲಾಸಿಗೆ ಮಾತ್ರ ನಾನು ಎಣಿಸಿದ್ದಕ್ಕಿಂತ ಹೆಚ್ಚು ಹೆಂಗಸರು ಬಂದರು. ಅದನ್ನು ವಾರಕ್ಕೊಮ್ಮೆ ಸಂಶಯ ಕೇಳುವುದಕ್ಕೆ ಉಳಿಸಿಕೊಂಡಿದ್ದೇನೆ.

ಬಿ.ಎ. ಮುಗಿಸಲು 6 ವರ್ಷದವರೆಗೆ ಅವಕಾಶ ಇದೆ ಅಲ್ವಾ, ಹಾಗಾಗಿ ಮುಂದೂಡುವುದು ಸುಲಭ. ಅಸೈನ್‌ಮೆಂಟಿಗೆ ಶೇ. 30, ಪರೀಕ್ಷೆಗೆ ಶೇ. 70, ಎರಡರಲ್ಲೂ ಬೇರೆ ಬೇರೆ ಪಾಸಾಗಬೇಕು. ಅದಕ್ಕೇ ಅಸೈನ್‌ಮೆಂಟ್ ತಾರೀಖನ್ನೇ ಗುರಿ ಮಾಡಿ ಐದೈದು ಜನರ ತಂಡ ಕಟ್ಟಿದೆ. ಪ್ರತಿ ತಂಡದಲ್ಲೂ ಹಿಂದೆ ಫೇಲ್ ಆದವರು ಒಬ್ಬರಾದರೂ ಇರಲೇಬೇಕು. ಫಾರ್ಮು, ಹಾಲ್ ಟಿಕೆಟ್ ಗೊತ್ತಿರುವುದು ಅವರಿಗೇ.

ಹತ್ತು ದಿನ ಫೋಟೋ ಬರದಿದ್ದರೆ ಭಾನುವಾರ ನಾನೇ ಫೋನ್ ಮಾಡುತ್ತೇನೆ. ಮೊದಲು ಪಾಠದ ಮಾತು ಎತ್ತುವುದಿಲ್ಲ. ಏನು ಕೇಳುತ್ತೇನೆ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ. ಅರ್ಧಕ್ಕರ್ಧ ಜನ ಆ ವಾರವೇ ಮರಳುತ್ತಾರೆ. ಈಗ ಖರ್ಚು ಬರೀ ರೀಚಾರ್ಜ್.

ಲೆಕ್ಕದ ವಿಷಯಕ್ಕೆ ಆಡಿಯೋ ಸಾಲದು. ಅದಕ್ಕೆ ಹಾಳೆ ಮೇಲೆ ಬರೆಯುವ ಕೈ ಮಾತ್ರ ಕಾಣುವ ಐದು ನಿಮಿಷದ ವಿಡಿಯೋ ಮಾಡುತ್ತೇನೆ. ಫೈಲು ಹತ್ತು ಎಂಬಿ ದಾಟದಂತೆ ನೋಡಿಕೊಳ್ಳಿ, ದಾಟಿದರೆ ಯಾರೂ ಡೌನ್‌ಲೋಡೇ ಮಾಡುವುದಿಲ್ಲ.