11 ಕೆ.ವಿ. ಜನರೇಟರ್‌ನಲ್ಲಿ ಪಿ.ಡಿ. ಹಿಡಿದ ಬಗೆ: ನನ್ನ ಅನುಭವ

ಮಳೆಗಾಲದಲ್ಲಿ ಪಿ.ಡಿ. (ಪಾರ್ಶಿಯಲ್ ಡಿಸ್ಚಾರ್ಜ್, ಅಂದರೆ ಇನ್ಸುಲೇಷನ್‌ನ ಒಳಗೋ ಮೈಮೇಲೋ ಹಾರುವ ಸಣ್ಣ ಕಿಡಿ) ಅಳೆಯುವುದೇ ದಂಡ, ಆ ತೇವದಲ್ಲಿ ಬಂದ ಅಂಕಿಯನ್ನು ನಂಬಬಾರದು ಎಂದು ನಮ್ಮ ಶಿವಮೊಗ್ಗದ ಟೆಸ್ಟಿಂಗ್ ಬಳಗದವರು ಹೇಳುತ್ತಲೇ ಬಂದಿದ್ದಾರೆ. ನಾನು ಅಳೆದದ್ದು ಜುಲೈ ತಿಂಗಳಿನಲ್ಲೇ, ತೀರ್ಥಹಳ್ಳಿಯಿಂದಾಚೆ ಘಟ್ಟದ ಅಂಚಿನ ಒಂದು ಕಿರು ಜಲವಿದ್ಯುತ್ ಘಟಕದಲ್ಲಿ. ಬೇಸಿಗೆಯಲ್ಲಿ ಅಲ್ಲಿ ನೀರಿಲ್ಲ. ನೀರಿಲ್ಲದಿದ್ದರೆ ಲೋಡ್ ಎಲ್ಲಿಂದ ತರುವುದು?

ಯಂತ್ರ 11 ಕೆ.ವಿ., ಆರು ಮೆಗಾವ್ಯಾಟ್ ಆಸುಪಾಸಿನದು, ಎಪಾಕ್ಸಿ ಮೈಕಾ ಇನ್ಸುಲೇಷನ್. ಸ್ಟೇಟರ್ (ಯಂತ್ರದ ತಿರುಗದ ಹೊರಭಾಗ) ಇರುವ ಪಿಟ್ಟಿನ ಬಳಿ, ಇಂಥ ಕಿಡಿಯಿಂದ ಹುಟ್ಟುವ ಓಝೋನ್ ವಾಸನೆ ಮೂಗಿಗೆ ಅಡರುತ್ತಿತ್ತು. ಮ್ಯಾನೇಜರ್‌ಗೆ ಅದು ದೊಡ್ಡ ವಿಷಯವಲ್ಲ. “ಮೆಗ್ಗರ್ ಚೆನ್ನಾಗಿದೆ, ಪಿ.ಐ. ಎರಡೂವರೆಗಿಂತ ಮೇಲಿದೆ, ಇನ್ನೇನು ಬೇಕು ಮಾರಾಯರೇ?” ಎಂದರು. ಮೆಗ್ಗರ್ ಎಂದರೆ ಇನ್ಸುಲೇಷನ್‌ನ ರೋಧ ಅಳೆಯುವ ಉಪಕರಣ; ಪಿ.ಐ. ಎಂದರೆ ಹತ್ತನೆಯ ನಿಮಿಷದ ರೋಧವನ್ನು ಒಂದನೆಯ ನಿಮಿಷದ್ದರಿಂದ ಭಾಗಿಸಿದ ಅಂಕಿ. ಕಾಯಿಲ್ ತಾನು ಕೂರುವ ಸ್ಲಾಟಿನೊಳಗೆ (ಸ್ಟೇಟರ್ ಕಬ್ಬಿಣದ ಸೀಳಿನೊಳಗೆ) ಸಡಿಲಾಗಿ ಸೆಮಿಕಾನ್ ಲೇಪನ (ಅದರ ಮೈಗೆ ಬಳಿದ, ಅಲ್ಪಸ್ವಲ್ಪ ವಿದ್ಯುತ್ ಹರಿಸುವ ಕಪ್ಪು ಪದರ) ಸವೆಯುತ್ತಿದ್ದರೆ ಪಿ.ಐ.ಗೆ ಅದರ ಸುಳಿವೂ ಸಿಗುವುದಿಲ್ಲ ಎಂದು ಇದನ್ನು ಓದುವವರಿಗೆ ನಾನು ಹೇಳಬೇಕಿಲ್ಲ.

ಪಿ.ಡಿ. ಪಲ್ಸ್ ಹಿಡಿಯುವ 80 ಪಿಕೋಫ್ಯಾರಡ್ ಕಪ್ಲರ್‌ಗಳು, ಅಳೆಯುವ ಪೆಟ್ಟಿಗೆ, ಎಲ್ಲಾ ಸೇರಿ ಒಂದು ಕೊಟೇಷನ್ ತರಿಸಿದ್ದೆವು. ಹದಿನಾಲ್ಕೋ ಹದಿನೈದೋ ಲಕ್ಷ. ಮಾಲೀಕರು ಕಾಗದ ಮಡಚಿ ನನ್ನ ಕೈಗೇ ಕೊಟ್ಟರು. ಆಗ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಹಳೆಯ 100 ಮೆಗಾಹರ್ಟ್ಸ್ ಸ್ಕೋಪ್ (ಸಿಗ್ನಲ್‌ನ ಅಲೆ ತೋರಿಸುವ ಪರದೆಯ ಉಪಕರಣ) ಕೊಂಡೆ, ತಂತಿಗೆ ತೊಡಿಸಿ ಪಲ್ಸ್ ಹಿಡಿಯಲು ಎರಡು ಹೋಳಿನ ಫೆರೈಟ್ ಕೋರುಗಳಿಗೆ (ಕಾಂತೀಯ ಬಳೆಗಳಿಗೆ) ನಾನೇ ತಂತಿ ಸುತ್ತಿದೆ. ಕೇಬಲ್, ಪೆಟ್ಟಿಗೆ ಎಲ್ಲಾ ಸೇರಿ ಎಪ್ಪತ್ತು ಸಾವಿರದ ಆಚೀಚೆ ಆಗಿರಬೇಕು.

ಮೊದಲು ನ್ಯೂಟ್ರಲ್ ಅರ್ತಿಂಗ್ ತಂತಿಗೆ (ವೈಂಡಿಂಗ್‌ನಲ್ಲಿ ಲೈನ್‌ಗೆ ಎದುರಿನ ತುದಿಯನ್ನು ನೆಲಕ್ಕೆ ಜೋಡಿಸುವ ತಂತಿಗೆ) ಕೋರ್ ತೊಡಿಸಿದೆ. ಏನೂ ಬರಲಿಲ್ಲ. ಲೈನ್ ತುದಿಯ ಕಾಯಿಲ್‌ನಲ್ಲಿ ಹುಟ್ಟಿದ ಪಲ್ಸ್ ಇಡೀ ವೈಂಡಿಂಗ್ ದಾಟಿ ಬರುವಷ್ಟರಲ್ಲಿ ಸತ್ತೇ ಹೋಗಿರುತ್ತದೆ. ಆಮೇಲೆ ಯಂತ್ರ ನಿಲ್ಲಿಸಿ, ಅರ್ತ್ ಕಟ್ಟಿ, ಸಿಡಿಲುತಡೆ, ವೋಲ್ಟೇಜ್ ಟ್ರಾನ್ಸ್‌ಫಾರ್ಮರ್ ಇರುವ ಎಲ್‌.ಎ.ವಿ.ಟಿ. ಕ್ಯುಬಿಕಲ್‌ನಲ್ಲಿರುವ ವೋಲ್ಟೇಜ್ ಹೊಡೆತ ತಗ್ಗಿಸುವ ಸರ್ಜ್ ಕೆಪಾಸಿಟರ್‌ಗಳ ಅರ್ತ್ ಪಟ್ಟಿಗಳಿಗೆ ಫೇಸಿಗೊಂದರಂತೆ ತೊಡಿಸಿದೆ. ಈಗ ಪರದೆ ತುಂಬ ಸಿಗ್ನಲ್! ಆದರೆ ಪಿ.ಡಿ.ಯ ಜೊತೆ ಬೇರೆ ಗದ್ದಲವೂ ಇತ್ತು. ತಿರುಗುವ ಒಳಭಾಗವಾದ ರೋಟರಿಗೆ ಕರೆಂಟ್ ಕೊಡುವ ಎಕ್ಸೈಟೇಷನ್‌ನ ಥೈರಿಸ್ಟರ್ (ಎಲೆಕ್ಟ್ರಾನಿಕ್ ಸ್ವಿಚ್) ಸೈಕಲ್‌ಗೆ ಆರು ಮುಳ್ಳು ಎಬ್ಬಿಸುತ್ತಿತ್ತು, ಸ್ಲಿಪ್ ರಿಂಗ್ ಬ್ರಷ್‌ಗಳ ಕಿಡಿ ಎಲ್ಲೆಂದರಲ್ಲಿ, ಸಾಲದೆಂಬಂತೆ ಭದ್ರಾವತಿ ಆಕಾಶವಾಣಿಯ 675 ಕಿಲೋಹರ್ಟ್ಸ್ ಕೂಡ ಒಳಗೆ ನುಸುಳಿತ್ತು. ಆ ನೆಪದಲ್ಲಿ ಒಂದು ಆಟವನ್ನೂ ಆಡಿ ನೋಡಿದೆ. ಹಳೆಯ ಟ್ರಾನ್ಸಿಸ್ಟರ್ ರೇಡಿಯೊವನ್ನು ಯಾವ ಕೇಂದ್ರವೂ ಇಲ್ಲದ ಕಡೆ ಟ್ಯೂನ್ ಮಾಡಿ ಸ್ಟೇಟರ್ ಸುತ್ತ ಒಂದು ಸುತ್ತು ಬಂದರೆ ಒಂದು ಬದಿಯಲ್ಲಿ ಗೊರಗೊರ ಜೋರಾಗುತ್ತದೆ. ವರದಿಯಲ್ಲಿ ಬರೆಯುವಂಥದ್ದಲ್ಲ, ಆದರೆ ಆ ಬದಿ ಆಮೇಲೆ ಸರಿಯಾಗಿಯೇ ಹೊಂದಿಕೊಂಡಿತು.

ಇನ್ನೊಂದು ಪ್ರಯೋಗ ಓಝೋನ್‌ಗೆ. ಅನ್ನದ ಗಂಜಿಗೆ ಪೊಟ್ಯಾಸಿಯಂ ಅಯೋಡೈಡ್ ಬೆರೆಸಿ ಸೋಸುಕಾಗದಕ್ಕೆ ಸವರಿ ಪಿಟ್ಟಿನಲ್ಲಿ ತೂಗುಹಾಕಿದೆ. ನೇರಳೆಯೇನೋ ಆಯಿತು. ಆದರೆ ಆ ಹವೆಯ ತೇವದಲ್ಲಿ ಬಣ್ಣದ ಗಾಢತೆ ಒಂದೊಂದು ದಿನ ಒಂದೊಂದು ರೀತಿ, ಅಳತೆಗೆ ಬಾರದು. ಬಿಟ್ಟೆ.

ಥೈರಿಸ್ಟರ್ ಮುಳ್ಳುಗಳು ಜಾಗ ಬದಲಿಸುವುದಿಲ್ಲವಾದ್ದರಿಂದ ಸೈಕಲ್‌ನಲ್ಲಿ ಅವು ಬರುವ ಕ್ಷಣಗಳನ್ನು ಬಿಟ್ಟು ಉಳಿದದ್ದನ್ನು ಎಣಿಸಿದೆ. ಫಿಲ್ಟರ್ ಹೇಗೆ ಕಟ್ಟಿದೆ, ಕೋರಿಗೆ ಎಷ್ಟು ಸುತ್ತು ಎಂಬುದನ್ನು ಮಾತ್ರ ಕೇಳಬೇಡಿ; ಅದು ನನ್ನ ಹೊಟ್ಟೆಪಾಡು. ಮೂರೂ ಕೋರುಗಳ ಬಾಣ ಒಂದೇ ದಿಕ್ಕಿಗಿರಲಿ ಎಂದಷ್ಟೇ ಹೇಳುತ್ತೇನೆ, ಇಲ್ಲದಿದ್ದರೆ ಧನ ಯಾವುದು ಋಣ ಯಾವುದು ಎಂದು ತಿಳಿಯುವುದಿಲ್ಲ. ಆರ್ ಫೇಸಿನಲ್ಲಿ ಋಣ ಅರ್ಧಚಕ್ರದಲ್ಲಿ ಬರುವ ಧನ ಪಲ್ಸ್‌ಗಳೇ ದೊಡ್ಡವಾಗಿದ್ದವು. ತಾಮ್ರದ ಕಡೆಯದಲ್ಲ, ಹೊರಮೈಯದು ಎಂದಾಯಿತು. ಹೊರಮೈ ಎಂದರೆ ಸ್ಲಾಟೋ, ಕಾಯಿಲ್ ಸ್ಲಾಟಿನಿಂದ ಹೊರಚಾಚಿದ ತುದಿಭಾಗವಾದ ಓವರ್‌ಹ್ಯಾಂಗೋ?

ಮಳೆ ನೆರವಿಗೆ ಬಂದದ್ದು ಇಲ್ಲಿ. ಹವೆಯಲ್ಲಿ ತೇವ ಏರಿದರೆ ಓವರ್‌ಹ್ಯಾಂಗಿನ ಮೇಲ್ಮೈ ಡಿಸ್ಚಾರ್ಜ್ ಸಾಮಾನ್ಯವಾಗಿ ತಗ್ಗುತ್ತದೆ. ವಾರಗಟ್ಟಲೆ ಮಳೆ ಸುರಿದ ಮೇಲೂ ತಗ್ಗದೆ ಉಳಿದದ್ದರ ಮೇಲೆಯೇ ಅನುಮಾನ. ಅದನ್ನು ಲೋಡ್‌ನಿಂದ ಪರೀಕ್ಷಿಸಿದೆ. ಪೂರ್ಣ ಲೋಡಿನಲ್ಲಿ ಆರ್‌.ಟಿ.ಡಿ. (ವೈಂಡಿಂಗ್‌ನ ತಾಪಮಾಪಕ) ಒಂದೇ ಅಂಕಿಯಲ್ಲಿ ನಿಲ್ಲುವವರೆಗೆ ಓಡಿಸಿ ರೀಡಿಂಗ್ ತೆಗೆದುಕೊಂಡು, ತಕ್ಷಣ ಲೋಡ್ ಇಳಿಸಿ ವೈಂಡಿಂಗ್ ತಣಿಯುವ ಮೊದಲೇ ಮತ್ತೊಂದು. ಅರ್ಧ ಲೋಡಿಗೆ ನಿಲ್ಲಿಸಿದರೆ ಫ್ರಾನ್ಸಿಸ್ ಟರ್ಬೈನಿನ ನೀರು ಹೊರಹೋಗುವ ಡ್ರಾಫ್ಟ್ ಟ್ಯೂಬ್ ಗುಡುಗುತ್ತದೆ, ಆಪರೇಟರ್ ನನ್ನನ್ನು ದುರುಗುಟ್ಟಿ ನೋಡುತ್ತಾನೆ. ಇನ್ನೂ ಕೆಳಗೆ, ಕಾಲು ಭಾಗಕ್ಕೆ ಇಳಿಸಿದೆವು. ರಾತ್ರಿ ಗ್ರಿಡ್ ವೋಲ್ಟೇಜ್ ಏರುತ್ತದೆ, ಅದರ ಜೊತೆ ಪಿ.ಡಿ.ಯೂ ಏರುತ್ತದೆ. ಹಾಗಾಗಿ ವೋಲ್ಟೇಜ್ ನಿಯಂತ್ರಿಸುವ ಎ.ವಿ.ಆರ್.‌ನಿಂದ 11 ಕೆ.ವಿ.ಗೇ ಹಿಡಿಸಿದೆ. ಪೂರ್ಣ ಲೋಡಿನಲ್ಲಿ 400 ಮಿಲಿವೋಲ್ಟ್‌ನಷ್ಟಿದ್ದದ್ದು ಕಾಲು ಲೋಡಿನಲ್ಲಿ 150ಕ್ಕೆ ಇಳಿಯಿತು. ಕರೆಂಟ್ ಹೆಚ್ಚಿದಷ್ಟೂ ಕಾಯಿಲ್ ಸ್ಲಾಟಿನಲ್ಲಿ ಅದುರುತ್ತಿದೆ ಎಂದೇ ಅರ್ಥ. ಪಿಕೋಕೂಲಂಬ್‌ನಲ್ಲಿ (ವಿದ್ಯುದಾವೇಶದ ಮಾನ) ಬರೆದುಕೊಡಿ ಎಂದು ಘಟಕದವರು ಕೇಳಿದರು, ಕೊಡಲಿಲ್ಲ. ವೈಂಡಿಂಗ್‌ನೊಳಗೆ ಆ ಕ್ಯಾಲಿಬ್ರೇಷನ್ (ಮಿಲಿವೋಲ್ಟನ್ನು ಪಿಕೋಕೂಲಂಬ್‌ಗೆ ಹೊಂದಿಸುವ ಲೆಕ್ಕ) ನಿಲ್ಲುವುದಿಲ್ಲ.

ಮಳೆ ನಿಂತ ಮೇಲೆ ರೋಟರಿನ ಎರಡು ಪೋಲ್ (ಕಾಂತಧ್ರುವ) ತೆಗೆದು ಒಳಗೆ ಇಳಿದೆವು. ಸಣ್ಣ ಸುತ್ತಿಗೆಯಿಂದ, ಕಾಯಿಲನ್ನು ಸ್ಲಾಟಿನಲ್ಲಿ ಬಿಗಿಹಿಡಿಯುವ ವೆಜ್‌ಗಳನ್ನು ತಟ್ಟುತ್ತಾ ಬಂದರೆ ಟಕ್ ಟಕ್ ಎನ್ನುತ್ತಿದ್ದ ಸದ್ದು ರೇಡಿಯೊ ಗೊರಗುಟ್ಟಿದ ಬದಿಗೆ ಬಂದಾಗ ದಬ್ ದಬ್ ಆಯಿತು. ಒಂದು ವೆಜ್ ಬೆರಳಲ್ಲೇ ಸರಿಯಿತು. ಅದರ ಕೆಳಗೆ ಬೂದು ಬಣ್ಣದ ಪುಡಿ, ಬೇರಿಂಗ್ ಎಣ್ಣೆ ಕುಡಿದ ಕಡೆ ಕಪ್ಪು ಜಿಡ್ಡು. ಕಾಯಿಲ್‌ನ ಕಪ್ಪು ಲೇಪನ ಅಲ್ಲಲ್ಲಿ ಬೆಳ್ಳಗೆ ತೇದುಹೋಗಿತ್ತು. ಮ್ಯಾನೇಜರ್ ಬ್ಯಾಟರಿ ಹಿಡಿದು ತುಂಬ ಹೊತ್ತು ನೋಡಿದರು, ಪಿ.ಐ. ಮಾತೆತ್ತಲಿಲ್ಲ.

ಸ್ಲಾಟಿನ ಬದಿಯ ಸಂದು ತುಂಬುವ ಸೈಡ್ ಪ್ಯಾಕಿಂಗ್, ಹೊಸ ವೆಜ್, ಲೇಪನದ ದುರಸ್ತಿ ಎಲ್ಲಕ್ಕೂ ನಾಲ್ಕೂವರೆ ಲಕ್ಷದಷ್ಟಾಯಿತು. ರಿವೈಂಡಿಂಗ್ ಆಗಿದ್ದರೆ ಐವತ್ತು ಲಕ್ಷದ ಮೇಲೆ. ಮಳೆಗಾಲದ ನಡುವೆ ಸ್ಟೇಟರ್ ಸುಟ್ಟಿದ್ದರೆ ಯೂನಿಟ್‌ಗೆ ಮೂರೂವರೆ ರೂಪಾಯಿಯ ಲೆಕ್ಕದಲ್ಲಿ ದಿನಕ್ಕೆ ಐದು ಲಕ್ಷ ಬೇರೆ ಹೋಗುತ್ತಿತ್ತು. ಮರುವರ್ಷ ಅದೇ ಪರೀಕ್ಷೆಯಲ್ಲಿ ಪೂರ್ಣ ಲೋಡಿಗೂ ಕಾಲು ಲೋಡಿಗೂ ರೀಡಿಂಗ್ 90 ಮಿಲಿವೋಲ್ಟ್ ಆಸುಪಾಸು.

ಪಕ್ಕದ ಎರಡನೆಯ ಯಂತ್ರದಲ್ಲಿ ಕಥೆಯೇ ಬೇರೆ. ಅಲ್ಲಿ ಋಣ ಪಲ್ಸ್‌ಗಳು ದೊಡ್ಡವು, ವೈಂಡಿಂಗ್ ಬಿಸಿಯಾದಂತೆ ಇಳಿಯುತ್ತವೆ, ಲೋಡ್‌ಗೆ ಜಗ್ಗುವುದಿಲ್ಲ. ತಾಮ್ರದ ಬಳಿ ಇನ್ಸುಲೇಷನ್ ಪದರ ಬಿಟ್ಟಿದೆ. ವೆಜ್ ಬಿಗಿದರೆ ಹೋಗುವಂಥದ್ದಲ್ಲ. ಲೋಡನ್ನು ಒಮ್ಮೆಲೇ ಏರಿಸಬೇಡಿ, ಇಳಿಸಬೇಡಿ ಎಂದು ಹೇಳಿ, ಮೂರು ತಿಂಗಳಿಗೊಮ್ಮೆ ಅಳೆಯಲು ವಾರ್ಷಿಕ ಗುತ್ತಿಗೆ ಕೇಳಿದ್ದೇನೆ. ನಾನು ಹೇಳಿದ ಮೊತ್ತದ ಅರ್ಧಕ್ಕೆ ಮಾಲೀಕರು ಬಂದು ನಿಂತಿದ್ದಾರೆ.